ಹುಂಜವಿಲ್ಲದ ಹಿತ್ತಲು

ಅತ್ತೆಮ್ಮನನ್ನು ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅತ್ತೆಮ್ಮ ಜಗಲಿಯ ಮೇಲೆ ಕೂತು ಕಾವಿಗೆ ಮೊಟ್ಟೆ ಆರಿಸುತ್ತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಇಳಿಬಿಸಿಲಿಗೆ ಅಡ್ಡ ಹಿಡಿದು ನೋಡುವುದು, ಸರಿ ಕಾಣದ್ದನ್ನು ಪಕ್ಕಕ್ಕೆ ಉರುಳಿಸುವುದು. "ಈ ಕೆಲ್ಸಾನ ನಿಮ್ಮ ಕೈಗೆ ಬುಟ್ರೆ ಅರ್ಧ ಕೊಳೆತ ಮೊಟ್ಟೆ ಮಡಗ್ತೀರಿ," ಎಂದರು. ಯಾರೂ ಎದುರು ಮಾತಾಡಲಿಲ್ಲ. ಬದುಕಿದ್ದಾಗಲೂ ಕೋಳಿಯ ವಿಷಯದಲ್ಲಿ ನನ್ನ ಅತ್ತೆ ದ್ಯಾವೀರಮ್ಮನಿಗೆ ಎದುರು ಮಾತಾಡಿದವರು ನಮ್ಮ ಬೀದಿಯಲ್ಲಿ ಇರಲಿಲ್ಲ.

ನಮ್ಮೂರಿನಲ್ಲಿ ಸಾವಾದ ಮನೆಯವರು ಅವತ್ತೇ ಕೋಳಿಯನ್ನು ಕಾವಿಗೆ ಕೂರಿಸಬೇಕು. ಆ ಕಾವಿನಲ್ಲಿ ಹುಟ್ಟಿದ ಮರಿಗಳು ದೊಡ್ಡವಾಗಿ, ಅದರಲ್ಲೊಂದು ಹುಂಜ ಆ ಮನೆಯ ಹಿತ್ತಲಲ್ಲೇ ನಿಂತು ಮೊದಲ ಸಲ ಕೂಗುವ ತನಕ ಸತ್ತವರು ಮನೆಯಲ್ಲೇ ಇರುತ್ತಾರೆ. ಕೂಗು ಕಿವಿಗೆ ಬಿದ್ದ ಮೇಲೆ ಆಕಳಿಸುತ್ತಾರೆ, ಮಲಗುತ್ತಾರೆ, ಆಮೇಲೆ ಚಾಪೆ ಮಾತ್ರ ಉಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಬಂದವರು ಮೊದಲು ಕೇಳುವುದು, "ಕಾವು ಕೋಳಿ ಅದಾ?" ಎಂದು. ಅಳುವುದೆಲ್ಲ ಆಮೇಲೆ. ಮೇಲಿನ ಬೀದಿಯವರೊಬ್ಬರು ಸತ್ತ ಅಜ್ಜನ ಬಾಯಿಗೆ ಹೆದರಿ, ಬೇಗ ಬೆಳೆಯುತ್ತವೆಂದು ಫಾರಂ ಮರಿಗಳನ್ನು ತಂದು ಬಿಟ್ಟಿದ್ದರು. ಅವು ತಿಂದು ತಿಂದು ಕಾಲು ಸೋತು ಬಿದ್ದವೇ ಹೊರತು ಒಂದೂ ಕೂಗಲಿಲ್ಲ. ಮನೆಯ ಕಾವಿನ ನಾಟಿ ಹುಂಜ ಕೂಗುವವರೆಗೂ ಅಜ್ಜ ಕಂಬಕ್ಕೆ ಒರಗಿ ಕೂತು ಮಕ್ಕಳನ್ನೆಲ್ಲ ಸಾಲಾಗಿ ಬಯ್ದರಂತೆ. ಇಂಥ ಮನೆಗಳಿಗೆಲ್ಲ ನಂಬಿಕೆಯ ಕಾವು ಕೋಳಿ ಹೋಗುತ್ತಿದ್ದದ್ದು ನಮ್ಮ ಅತ್ತೆಮ್ಮನ ಹಿತ್ತಲಿಂದ.

ನನಗೆ ಅವತ್ತು ಅಳು ಬರಲಿಲ್ಲ. ಎದುರಿಗೇ ಕೂತಿದ್ದವರಿಗಾಗಿ ಹೇಗೆ ಅಳುವುದು? ಹೆದರಿಕೆಯಾದದ್ದು ಅವರು ಆರಿಸಿಟ್ಟ ಮೊಟ್ಟೆಗಳನ್ನು ನೋಡಿದಾಗ. ಎಲ್ಲವೂ ಚೂಪು ತುದಿಯವು. ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎನ್ನುವುದು ಅತ್ತೆಮ್ಮನ ಲೆಕ್ಕ. ಹೋಗುವುದಕ್ಕೆ ಇಷ್ಟೊಂದು ಅವಸರವೇ ಅನ್ನಿಸಿತು.

ನನ್ನ ಗಂಡ ಜವರ ಜ್ವರದಲ್ಲಿ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಮಕ್ಕಳಿಲ್ಲ. ನಾನು ರೈಸ್ ಮಿಲ್ಲಿನಲ್ಲಿ ಕಸ ಗುಡಿಸಿ, ಮಡಿಲಲ್ಲಿ ನುಚ್ಚು ತವುಡು ಕಟ್ಟಿಕೊಂಡು ಬರುತ್ತಿದ್ದೆ. ಅವರು ಅದರಲ್ಲಿ ಕೋಳಿ ಸಾಕುತ್ತಿದ್ದರು. ನನ್ನ ಸಾರಿಗೆ ಉಪ್ಪು ಕಮ್ಮಿ, ನನ್ನ ಮುದ್ದೆಯಲ್ಲಿ ಗಂಟು, ನಾನು ಕಟ್ಟಿದ ಹಗ್ಗದ ಕುಣಿಕೆ ನಿಲ್ಲುವುದಿಲ್ಲ ಎಂದು ದಿನಾ ಒಂದು ರಾಗ ಇದ್ದದ್ದೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಕಾಲ ಇತ್ತು. ಮಿಲ್ಲಿಂದ ಬಂದು ಬಾಗಿಲು ತಳ್ಳಿದರೆ "ಬಂದ್ಯಾ ಮಗ?" ಅನ್ನುವ ಒಂದು ಮಾತಿಗೆ ನಾನು ಇಡೀ ದಿನ ಆ ಧೂಳು ಕುಡಿಯುತ್ತಿದ್ದೆ. ಅವರೂ ಹೋದರೆ ನನ್ನನ್ನು ಹಾಗೆ ಕೇಳುವ ಜೀವ ಈ ಊರಲ್ಲಿ ಇನ್ನೊಂದಿಲ್ಲ. ಅವರು ಹೋಗಬಾರದು. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅವರು ಕಾವಿನ ಕೋಳಿಯನ್ನು ಹಿಡಿದು ತರಲು ಹೋದಾಗ ನಾನು ಚೂಪಾದವನ್ನೆಲ್ಲ ತೆಗೆದು ಗುಂಡಗಿನವನ್ನು ಬುಟ್ಟಿಯಲ್ಲಿಟ್ಟೆ.

ಮೊಟ್ಟೆಗೆ ಯಾರ ಲೆಕ್ಕವೂ ಗೊತ್ತಿರುವುದಿಲ್ಲ. ಮರಿಗಳೊಡೆದು, ಬೂದಿ ಹತ್ತಿದ ಹತ್ತಿಯುಂಡೆಗಳ ಹಾಗೆ ಬುಟ್ಟಿಯಿಂದ ಹೊರಗೆ ಬಂದಾಗ ಅತ್ತೆಮ್ಮ ಒಂದೊಂದನ್ನೂ ಎತ್ತಿ ರೆಕ್ಕೆ ಬಿಡಿಸಿ ನೋಡಿದರು. "ಇದು ಹೇಂಟೆ. ಇದು ಹುಂಜ. ಇದೂ ಹುಂಜ, ಕಾಲ್ ನೋಡು ಹೆಂಗದೆ, ಕಂಬ!" ಎಂದು ಹಿಗ್ಗಿದರು. ಅರ್ಧಕ್ಕರ್ಧ ಹುಂಜಗಳೇ. ನಾನು ನುಚ್ಚು ನೆನೆಸುವ ನೆಪದಲ್ಲಿ ಒಳಗೆ ಹೋದೆ.

ಆ ಮೊದಲ ದಿನಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಸತ್ತವರಿಗೆ ಹಸಿವಿಲ್ಲ, ನಿದ್ದೆ ಇಲ್ಲ, ಸೊಂಟನೋವಿಲ್ಲ. ಅತ್ತೆಮ್ಮ ಬೆಳಗಿನಿಂದ ಕತ್ತಲಾಗುವವರೆಗೆ ಹಿತ್ತಲಲ್ಲೇ ಇರುತ್ತಿದ್ದರು. ಮರಿಗಳಿಗೆ ಅವರು ಕಾಣುತ್ತಿದ್ದರು. ಹತ್ತಿ ಮಡಿಲಲ್ಲಿ ಕೂರುತ್ತಿದ್ದವು, ಸೆರಗಿನೊಳಗೆ ನುಗ್ಗುತ್ತಿದ್ದವು. ಆದರೆ ಹದ್ದಿಗೆ ಸತ್ತವರು ಕಾಣುವುದಿಲ್ಲ. ಒಂದು ದಿನ ಅವರ ಮೊಣಕಾಲಿನ ಪಕ್ಕದಿಂದಲೇ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಅತ್ತೆಮ್ಮ ಕೋಲು ಬೀಸಿದರು, ಕೂಗಿದರು. ಅದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಸಂಜೆ ನಾನು ಬಂದಾಗ ಕೋಲು ಹಿಡಿದೇ ನಿಂತಿದ್ದರು. "ನಾನ್ ಇರೋದು ಅದ್ಕೆ ಗೊತ್ತೇ ಆಗ್ನಿಲ್ಲ ಕಣ್ ಮಗ," ಎಂದರು. ಅವರ ದನಿಯಲ್ಲಿ ಅಂಥ ನೋವನ್ನು ನಾನು ಅವರ ಮಗ ಸತ್ತಾಗಲೂ ಕೇಳಿರಲಿಲ್ಲ.

ಮರಿಗಳ ಎಳೆ ತುಪ್ಪುಳ ಉದುರಿ ಪುಕ್ಕ ಮೂಡಿತು. ಕತ್ತು ಉದ್ದವಾಗಿ, ಮೈ ಅಲ್ಲಲ್ಲಿ ಬೋಳಾಗಿ, ನೋಡುವುದಕ್ಕೆ ಅಸಹ್ಯವಾಗಿ ಕಾಣುವ ವಯಸ್ಸು ಬಂತು. ತಾಯಿಕೋಳಿ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಅವನ್ನು ಕುಕ್ಕಿ ಕುಕ್ಕಿ ಓಡಿಸತೊಡಗಿತು. ನಿನ್ನೆಯವರೆಗೆ ರೆಕ್ಕೆಯಡಿ ಮಲಗಿದ್ದವು ಬಚ್ಚಲ ಮೂಲೆಯಲ್ಲಿ ಗುಂಪಾಗಿ ನಿಂತು ಚೀರಾಡಿದವು. ನನಗೆ ಹೊಟ್ಟೆ ಉರಿದು ತಾಯಿಕೋಳಿಗೆ ಕಡ್ಡಿಯಲ್ಲಿ ಹೊಡೆಯಲು ಹೋದೆ. ಅತ್ತೆಮ್ಮ ತಡೆದರು. "ಕುಕ್ಕಲಿ ಬುಡು. ಇನ್ನೂ ರೆಕ್ಕೇಲಿ ಮುಚ್ಕಂಡ್ರೆ ಅವು ಮೇಯಕೆ ಕಲಿಯಕಿಲ್ಲ." ನಾನು ಕಡ್ಡಿ ಎಸೆದೆ. ಕೋಳಿಯ ಬುದ್ಧಿ ನನಗೆ ಬೇಕಾಗಿರಲಿಲ್ಲ.

ಜುಟ್ಟು ಕೆಂಪಾಗುವುದು ಶುರುವಾದಾಗ ನನ್ನ ನಿದ್ದೆ ಹೋಯಿತು. ಎಲ್ಲಕ್ಕಿಂತ ಮುಂದಿದ್ದದ್ದು ಒಂದು ಕೆಂಚು ಹುಂಜ. ಬೆಳಗಿನ ಹೊತ್ತು ತಿಪ್ಪೆಯ ಮೇಲೆ ಹತ್ತಿ, ಕತ್ತು ನೀಟಿ, ಕೀಲಿಗೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಒಂದು ಸದ್ದು ಮಾಡಿ, ತಾನೇ ಬೆಚ್ಚಿ ಇಳಿಯುತ್ತಿತ್ತು. ಕೂಗು ಅನ್ನುವ ಹಾಗಿರಲಿಲ್ಲ. ಇನ್ನೆರಡು ಬೆಳಗಾದರೆ ಕೂಗೇ ಆಗುತ್ತಿತ್ತು. ಅವತ್ತು ಮಿಲ್ಲಿಗೆ ರಜ ಹೇಳಿ ಅದನ್ನು ಹಿಡಿದು ಕೊಯ್ದೆ.

ಸಾರು ಕುದಿಯುವಾಗ ಪಕ್ಕದ ಮನೆಯ ಚಿಕ್ಕತಾಯಕ್ಕ ಗೋಡೆಯ ಮೇಲಿಂದ ಇಣುಕಿದಳು. ಊರಿನ ಕಣ್ಣೂ ಮೂಗೂ ಎರಡೂ ಅವಳೇ. "ಏನ್ ಮಾದೇವಿ, ಕಾವಿನ್ ಮನೇಲಿ ಬಾಡಿನ್ ಸಾರು ಘಮ್ ಅಂತದೆ?" ಎಂದಳು.

"ಕಾಲ್ ಮುರ್ಕಂಡಿತ್ತು ಅಕ್ಕ. ಉಳೀತಿರ್ನಿಲ್ಲ."

"ಓ, ಕಾಲಾ," ಎಂದು ಅವಳು ಅತ್ತೆಮ್ಮನ ಕಡೆ ಒಮ್ಮೆ ನೋಡಿ ತಲೆ ಒಳಗೆಳೆದುಕೊಂಡಳು.

ಅತ್ತೆಮ್ಮ ಒಲೆಯ ಪಕ್ಕದಲ್ಲೇ ಕೂತಿದ್ದರು. ಖಾರ ಮುಂದಾಗಿದೆ, ವಾಸನೆಯಲ್ಲೇ ಗೊತ್ತಾಗುತ್ತದೆ ಎಂದರು. ಯಾವ ಕೋಳಿ ಎಂದು ಕೇಳಲಿಲ್ಲ. ತಟ್ಟೆ ಮುಂದೆ ಕೂತು ನಾನೇ ಕೇಳಿದೆ, "ಬೇಜಾರಾ ಅತ್ತೆಮ್ಮ?"

"ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂದು ನಕ್ಕರು. "ಉಣ್ಣು. ಆರೋಯ್ತದೆ."

ಒಂದನ್ನು ಕೊಯ್ದ ಕೈಗೆ ಎರಡನೆಯದು ಕಷ್ಟವಲ್ಲ. ಜುಟ್ಟು ಕೆಂಪೇರಿದ್ದನ್ನೆಲ್ಲ ಒಂದೊಂದಾಗಿ ಮುಗಿಸುತ್ತ ಬಂದೆ. ಮತ್ತೆ ಮತ್ತೆ ಸಾರಿನ ವಾಸನೆ ಬಂದರೆ ಚಿಕ್ಕತಾಯಕ್ಕ ಬಿಡುವವಳಲ್ಲವೆಂದು ಉಳಿದವನ್ನು ಚೀಲದಲ್ಲಿ ತುಂಬಿ ಹೊಳೆಯಾಚೆಯ ಸಂತೆಗೆ ಹಾಕಿದೆ. ಕೊನೆಯದು ಬೂದು ಬಣ್ಣದ್ದು, ಬಹಳ ಸಾಧು. ಕೂಗುವ ಗೋಜಿಗೇ ಹೋಗಿರಲಿಲ್ಲ. ಅದನ್ನೂ ಬಿಡಲಿಲ್ಲ, ಚೀಲಕ್ಕೆ ಹಾಕಿದೆ. ಮನೆಯ ಹಳೆಯ ಹುಂಜದ ಕೂಗೂ ಬೇಡವೆನಿಸಿ ಅದನ್ನು ಮೊದಲೇ ಮಾರಿದ್ದೆ, ಹಿತ್ತಲಲ್ಲಿ ಹೇಂಟೆಗಳು ಮಾತ್ರ ಉಳಿದವು. ಅವತ್ತು ರಾತ್ರಿ ನನಗೆ ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅತ್ತೆಮ್ಮ ಬದಲಾಗುತ್ತ ಹೋದದ್ದು ಆಮೇಲೆ. ಮೊದಲು ಕೈ ನಿಂತಿತು. ಬುಟ್ಟಿ ಹಿಡಿದು ಹಿತ್ತಲಿಗೆ ಹೋದವರು ಯಾಕೆ ಬಂದೆನೆಂದು ಮರೆತು ನಿಂತಿರುತ್ತಿದ್ದರು. ಹೇಂಟೆಗಳನ್ನು ಗೂಡಿಗೆ ಕೂಡುವಾಗ ಎಣಿಸುವುದು, ಮತ್ತೆ ಎಣಿಸುವುದು, ಮತ್ತೆ ಮೊದಲಿಂದ. ಬಯ್ಯುವುದನ್ನು ಬಿಟ್ಟರು. ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಇಟ್ಟು ನೋಡಿದೆ, ಒಂದು ಮಾತಿಲ್ಲ. ಕಣ್ಣು ಮಾತ್ರ ಸದಾ ತೆರೆದೇ ಇರುತ್ತಿತ್ತು. ಅಂಚೆಲ್ಲ ಕೆಂಪಗೆ ಹಸಿ ಗಾಯದ ಹಾಗೆ.

ಒಂದು ಸಂಜೆ ಹರಳೆಣ್ಣೆ ತಂದು ಅವರ ನೆತ್ತಿಗೆ ತಟ್ಟಿದೆ. ಎಣ್ಣೆ ಕೂದಲಿಗೆ ಹತ್ತಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಅತ್ತೆಮ್ಮ ನನ್ನ ಕೈ ಹಿಡಿದುಕೊಂಡರು.

"ಕಣ್ಣು ಉರೀತದೆ ಕಣ್ ಮಗ. ವಸಿ ಮುಚ್ಚನ ಅಂದ್ರೆ ಆಯ್ತಿಲ್ಲ. ನಿಂದು ಕೋಳಿನಿದ್ದೆ ಅಂತ ಆಡ್ಕತಿದ್ನಲ್ಲ, ಅಷ್ಟು ಬಂದಿದ್ರೂ ಸಾಕಾಗಿತ್ತು."

ನಾನು ಇನ್ನೊಂದು ಕೈಯಲ್ಲಿ ನೆಲದ ಎಣ್ಣೆ ಒರೆಸಿದೆ. ಅವರೇ ಮುಂದುವರಿಸಿದರು.

"ಸತ್ತ ಮೇಲೆ ಜವರನೂ ಹಿಂಗೇ ಅಂತಿದ್ದ. ನಿನ್ ಮುಂದೆ ಆಡ್ತಿರ್ನಿಲ್ಲ, ನೀನು ಮಿಲ್ಗೆ ಹೋದ ಮೇಲೆ ಬಂದು ನನ್ ತೊಡೆ ಮೇಲೆ ತಲೆ ಮಡಗ್ತಿದ್ದ. ಅವ್ವ, ನಿದ್ದೆ ಮಾಡ್ಸು ಅವ್ವ ಅಂತ. ಚಿಕ್ಕುಡುಗ ಇದ್ದಾಗ ಕೇಳ್ದಂಗೇ."

ಜವರ ಸತ್ತಾಗ ಅತ್ತೆಮ್ಮ ಆ ಕಾವಿನ ಮರಿಗಳಿಗೆ ಒಣಮೀನು ಕುಟ್ಟಿ ಹಾಕಿದ್ದರು, ರಾಗಿ ಮೊಳಕೆ ಕಟ್ಟಿ ಹಾಕಿದ್ದರು. ಊರಲ್ಲಿ ಯಾರ ಮನೆಯ ಹುಂಜವೂ ಅಷ್ಟು ಬೇಗ ಕೂಗಿರಲಿಲ್ಲ. ಹೆತ್ತ ಮಗನನ್ನು ಇಷ್ಟು ಆತುರವಾಗಿ ಕಳಿಸುವ ತಾಯಿಯೂ ಉಂಟೇ ಎಂದು ನಾನು ಆಗ ಒಳಗೊಳಗೇ ಶಪಿಸಿದ್ದೆ. ಇನ್ನೂ ನಾಲ್ಕು ದಿನ ಗಂಡನ ಮುಖ ನೋಡುತ್ತಿದ್ದೆನಲ್ಲ ಎಂದು ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡಿದ್ದೆ. ಈಗ ಅವರ ಕೈ ನನ್ನ ಕೈಯಲ್ಲಿತ್ತು.

"ನಂಗೆ ಯಾಕ್ ಮೊದ್ಲೇ ಹೇಳ್ನಿಲ್ಲ ಅತ್ತೆಮ್ಮ? ಒಂದಾದ್ರೂ ಹುಂಜ ಉಳಿಸ್ತಿದ್ನಲ್ಲ!" ಎಂದು ಕೂಗಾಡಿದೆ. ತಪ್ಪು ನನ್ನದು, ಕೂಗಾಡಿದ್ದು ಅವರ ಮೇಲೆ.

"ನೀನು ಒಬ್ಳೇ ಆಯ್ತಿದ್ದೆ. ಅದ್ಕೆ ಬಾಯ್ ಬರ್ನಿಲ್ಲ," ಎಂದರು.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೊಳೆ ದಾಟಿದೆ. ಸಂತೆ ಮಾಳದಲ್ಲಿ ಕೋಳಿ ವ್ಯಾಪಾರಿ ನನ್ನ ಗುರುತು ಹಿಡಿದ. ಬೂದು ಹುಂಜ ಎಂದೆ, ಸಾಧು ಹುಂಜ ಎಂದೆ. ಅವನಿಗೆ ನಗು ಬಂತು. "ಸಂತೆಗ್ ಬಂದ್ ಕೋಳಿ ಇಷ್ಟ್ ದಿನ ಇದ್ದಾದಾ ತಾಯಿ?" ಎಂದ. ಅಲ್ಲಿದ್ದ ಬೇರೆ ಹುಂಜಗಳನ್ನು ನೋಡಿದೆ. ತಂದು ಏನು ಪ್ರಯೋಜನ? ಬೇರೆ ಕಾವಿನ ಹುಂಜ ನಮ್ಮ ಹಿತ್ತಲಲ್ಲಿ ಗಂಟಲು ಹರಿದುಕೊಂಡರೂ ಸತ್ತವರಿಗೆ ಕೇಳಿಸುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಬರುವಾಗ ಕೆರೆಯ ಏರಿ ಇಳಿದು ಹೆಂಚು ಬಿದ್ದ ಮನೆಯ ಕಡೆಯಿಂದ ಬಂದೆ. ಆ ದಾರಿಯಲ್ಲಿ ಯಾರೂ ಓಡಾಡುವುದಿಲ್ಲ. ನಾನು ಮದುವೆಯಾಗಿ ಬರುವುದಕ್ಕೂ ಮುಂಚೆ ಆ ಮನೆಯ ಕಾವಿನ ಮರಿಗಳೆಲ್ಲ ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಸತ್ತಿದ್ದವಂತೆ. ಮನೆಯವರು ಊರು ಬಿಟ್ಟರು. ಸತ್ತ ಅಜ್ಜಿ ಮಾತ್ರ ಅಲ್ಲೇ ಇದೆ ಎಂದು ಹೇಳುತ್ತಿದ್ದರು, ನಾನು ನೋಡಿರಲಿಲ್ಲ. ಅವತ್ತು ಕಿಟಕಿಯಲ್ಲಿ ಇಣುಕಿದೆ. ನಡುಮನೆಯಲ್ಲಿ ಕೂತಿತ್ತು. ಗೋಡೆ ನೋಡುತ್ತಿತ್ತು. "ಅಜ್ಜಿ" ಎಂದೆ, ತಿರುಗಲಿಲ್ಲ. ತೆರೆದ ಕಣ್ಣುಗಳ ಮೇಲೆ ಧೂಳು ಕೂತಿತ್ತು. ನಾನು ಅಲ್ಲಿಂದ ಓಡಿದೆ. ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ. ಅತ್ತೆಮ್ಮ ಜಗಲಿಯ ಮೇಲಿದ್ದರು. "ಬಂದ್ಯಾ ಮಗ?" ಎಂದರು. ಯಾವ ಮಾತಿಗಾಗಿ ಇಷ್ಟೆಲ್ಲ ಮಾಡಿದೆನೋ ಆ ಮಾತು ಕೇಳಿ ಅವತ್ತು ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಪ್ರತಿದಿನ ಬೆಳಿಗ್ಗೆ ಅವರ ಕಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಧೂಳು ಕೂರಬಾರದೆಂದು. ಹೇಂಟೆಗಳು ಮೊಟ್ಟೆಯಿಡತೊಡಗಿದವು. ಹುಂಜವಿಲ್ಲದ ಮೊಟ್ಟೆ, ಕಾವಿಗೆ ಇಟ್ಟರೆ ಕೊಳೆಯುತ್ತವೆ ಅಷ್ಟೇ. ನಾನು ಸತ್ತರೆ ನಮ್ಮಿಬ್ಬರನ್ನೂ ನೋಡುವವರು ಯಾರು ಎಂಬ ಯೋಚನೆ ಬಂದಾಗ ಪೊರಕೆ ಕೈಯಿಂದ ಬಿದ್ದುಹೋಗುತ್ತಿತ್ತು.

ಅದೇ ಕಾವಿನ ಮರಿಗಳಲ್ಲಿ ಒಂದು ಕರಿ ಹೇಂಟೆ ಇತ್ತು. ಎಲ್ಲದಕ್ಕಿಂತ ದಪ್ಪ, ಎಲ್ಲದಕ್ಕೂ ಅದೇ ಯಜಮಾನಿ. ಅದು ಮೊಟ್ಟೆಯಿಡುವುದನ್ನು ನಿಲ್ಲಿಸಿತು. ರೋಗವಿರಬೇಕೆಂದು ಹಿಡಿದು ನೋಡಿದೆ. ಮೈ ಗಟ್ಟಿಯಾಗಿತ್ತು, ಜುಟ್ಟು ಎತ್ತರವಾಗಿ ಕೆಂಪಾಗಿತ್ತು. ನುಚ್ಚು ಹಾಕಿದರೆ ತಾನು ತಿನ್ನದೆ ಕೊಕ್ಕೊಕ್ ಎಂದು ಉಳಿದವನ್ನು ಕರೆಯುತ್ತಿತ್ತು. ಬೆಕ್ಕು ಬಂದರೆ ಎದೆಯೆತ್ತಿ ಮೇಲೆ ಬೀಳುತ್ತಿತ್ತು. ಅತ್ತೆಮ್ಮ ಬಹಳ ಹೊತ್ತು ಅದನ್ನೇ ನೋಡಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಹಳೆಯ ಕಳೆ ಸ್ವಲ್ಪ ಬಂದಿತ್ತು.

"ಹುಂಜ ಇಲ್ದ ಹಿತ್ಲಲ್ಲಿ ಒಂದು ಹೇಂಟೆ ಹುಂಜನ ಕೆಲ್ಸ ಮೈಮೇಲ್ ಹಾಕತದೆ ಮಗ. ಕೂಗೂ ಕೂಗ್ತದೆ."

ನಾನು ನುಚ್ಚಿನ ಬುಟ್ಟಿ ಕೆಳಗಿಟ್ಟೆ. "ಅದು ಲೆಕ್ಕಕ್ ಬತ್ತದಾ ಅತ್ತೆಮ್ಮ?"

"ನಂಗೇನ್ ಗೊತ್ತು? ನಾನು ಯಾವತ್ತೂ ಕೂಗಗಂಟ ಬುಟ್ಟಿಲ್ಲ. ಹಿಡ್ದು ಕತ್ತು ಮುರ್ದಿವ್ನಿ."

ಅವರೊಬ್ಬರೇ ಅಲ್ಲ, ಯಾರೂ ಬಿಟ್ಟಿರಲಿಲ್ಲ. ಹೇಂಟೆ ಕೂಗಿದರೆ ಬೀದಿಗೇ ಕೇಡು ಎನ್ನುವುದು ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅರ್ಧ ಕೂಗು ಕೇಳಿಸಿದರೂ ಸಾಕು, ಪೂರ್ತಿ ಕೂಗುವ ಮೊದಲು ಕೊಯ್ದು ಊರಾಚೆ ಹೂಳಬೇಕು. ನಾನು ಆ ಕರಿ ಹೇಂಟೆಗೆ ಒಣಮೀನು ಕುಟ್ಟಿ ಹಾಕಿದೆ. ರಾಗಿ ಮೊಳಕೆ ಕಟ್ಟಿ ಹಾಕಿದೆ. ಹಿತ್ತಲ ಬಾಗಿಲಿಗೆ ಹೊಸ ಅಗುಳಿ ಹಾಕಿಸಿದೆ.

ಒಂದು ಬೆಳಿಗ್ಗೆ, ನಾನು ಒಲೆ ಹಚ್ಚುತ್ತಿದ್ದಾಗ, ಅದು ತಿಪ್ಪೆ ಹತ್ತಿ ಕತ್ತು ನೀಟಿತು. ಹೊರಬಂದದ್ದು ಗೊಗ್ಗರು ದನಿಯ ಅರ್ಧ ಕೂಗು. ಅಷ್ಟಕ್ಕೇ ಗೋಡೆಯಾಚೆ ಚಿಕ್ಕತಾಯಕ್ಕನ ಬೊಬ್ಬೆ ಕೇಳಿಸಿತು. "ಅಯ್ಯೋ, ಹೇಂಟೆ ಕೂಗ್ತು! ಮಾದೇವಿ ಮನೆ ಹೇಂಟೆ ಕೂಗ್ತು!" ಎಂದು ಬೀದಿಯುದ್ದಕ್ಕೂ ಓಡಿದಳು. ನಾನು ಬೀದಿ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಒರಳುಕಲ್ಲನ್ನು ಉರುಳಿಸಿ ಆನಿಸುವಷ್ಟರಲ್ಲಿ ಜನ ಸೇರಿದ್ದರು.

"ತಗಿ ಮಾದೇವಿ! ಕೊಡು ಅದ್ನ ಈಚೆಗೆ!"

"ಕೊಡಾಕಿಲ್ಲ."

"ಬೀದೀಲಿ ಮಕ್ಳು ಮರಿ ಇರೋರವ್ರೆ. ನಿನ್ ಮನೆ ಹಾಳಾದ್ರೆ ಆಗ್ಲಿ, ನಮ್ಮನೇನೂ ಹಾಳ್ ಮಾಡಿಯಾ?" ಇದು ಚಿಕ್ಕತಾಯಕ್ಕನ ದನಿ. ಅವಳು ಅಳುತ್ತಿದ್ದಳು. ನಿಜವಾಗಿಯೂ ಹೆದರಿದ್ದಳು. ಅವಳ ಮಗಳು ತುಂಬಿದ ಬಸುರಿ, ಅದು ನನಗೂ ಗೊತ್ತಿತ್ತು. ಇನ್ನು ಮೇಲೆ ಈ ಬೀದಿಯಲ್ಲಿ ನನಗೆ ಬೆಂಕಿ ನೀರು ಹುಟ್ಟುವುದಿಲ್ಲ ಎನ್ನುವುದೂ ಗೊತ್ತಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಹಲಗೆಗೆ ಬೀಳುವ ಏಟು ಬೆನ್ನೆಲುಬಿಗೆ ಬೀಳುತ್ತಿತ್ತು.

ಅತ್ತೆಮ್ಮ ಹಿತ್ತಲ ಹೊಸ್ತಿಲಲ್ಲಿ ಕೂತಿದ್ದರು. ಕರಿ ಹೇಂಟೆ ಗಲಾಟೆಗೆ ಗಾಬರಿಯಾಗಿ ತಿಪ್ಪೆಯಿಂದ ಇಳಿದು ಅವರ ಹತ್ತಿರ ಬಂತು. ಅವರು ಅದರ ಬೆನ್ನು ನೀವಿದರು. "ಕೂಗವ್ವ. ನೀನಾದ್ರೂ ಕೂಗು ತಾಯಿ," ಎಂದರು. ಕೋಳಿಯನ್ನು ಅವರು ಹಾಗೆ ಬೇಡಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅದು ಮೈ ಕೊಡವಿತು. ಎರಡು ಹೆಜ್ಜೆ ಆಚೆ ಹೋಗಿ, ರೆಕ್ಕೆ ಬಡಿದು, ನೆಲದ ಮೇಲೇ ನಿಂತು ಕೂಗಿತು. ಒಡಕು ದನಿ. ನಡುವೆ ಒಮ್ಮೆ ಉಸಿರು ಸಿಕ್ಕಿಕೊಂಡಿತು. ಆದರೂ ಕೊನೆ ಮುಟ್ಟಿತು.

ಬೀದಿಯಲ್ಲಿ ಸದ್ದಡಗಿತು. ನಾನು ಅತ್ತೆಮ್ಮನನ್ನೇ ನೋಡುತ್ತಿದ್ದೆ. ಮೊದಲು ಏನೂ ಆಗಲಿಲ್ಲ. ಮುಗಿಯಿತು, ಇದೂ ಲೆಕ್ಕಕ್ಕೆ ಬರಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರ ಬಾಯಿ ತೆರೆಯಿತು. ಕಣ್ಣಲ್ಲಿ ನೀರು ಬರುವಷ್ಟು ದೊಡ್ಡ ಆಕಳಿಕೆ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು.

"ಚಾಪೆ ಹಾಸ್ ಮಗ," ಎಂದರು.

ಬಾಗಿಲು ಬಿಟ್ಟು ಓಡಿ, ನಡುಮನೆಯಲ್ಲಿ ಚಾಪೆ ಹಾಸಿದೆ. ನನ್ನ ಹಳೆಯ ಸೀರೆಯನ್ನು ಮಡಚಿ ತಲೆಗಿಟ್ಟೆ. ಅವರು ಒಂದು ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿದರು. ನಾನು ಪಕ್ಕದಲ್ಲಿ ಕೂತು ತಲೆ ಸವರಿದೆ. ಏನೇನೋ ಹೇಳಬೇಕೆಂದಿತ್ತು. ಹೇಳಿದರೆ ಎಚ್ಚರವಾಗಿ ಉತ್ತರ ಕೊಡುತ್ತಾರೆಂದು ಹೆದರಿ ಬಾಯಿ ಕಚ್ಚಿಕೊಂಡೆ. ರೆಪ್ಪೆ ಇಳಿಯಿತು, ಒಮ್ಮೆ ಅದುರಿತು, ಮತ್ತೆ ಇಳಿಯಿತು. ಮುಚ್ಚಿತು.

ಬೀದಿಯವರಿಗೆ ಮತ್ತೆ ಧೈರ್ಯ ಬಂದಿತ್ತು. ಬಾಗಿಲಿನ ಮೇಲೆ ಕಲ್ಲು ಬಿತ್ತು, ಯಾರೋ ಹಾರೆಯಿಂದ ಮೀಟತೊಡಗಿದರು. ನಾನು ಎದ್ದು ಹೋಗಿ ಒರಳುಕಲ್ಲು ಸರಿಸಿ, ಅಗುಳಿ ತೆಗೆದು, ಎಲ್ಲರೆದುರು ನಿಂತೆ. ಚಿಕ್ಕತಾಯಕ್ಕನ ಕೈಯಲ್ಲಿ ಕುಡುಗೋಲಿತ್ತು.

"ಮೆಲ್ಲಗೆ," ಎಂದೆ. "ಅತ್ತೆಮ್ಮ ಮಲಗವ್ರೆ."